ಎರಡು ಒಲೆಯ ಮನೆ

೭ ಜೂನ್ ೧೯೬೪, ಭಾನುವಾರ. ಸಾಗರ.

ಹೂವಮ್ಮನ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಅವಳನ್ನು ಒಂದು ಮಾತು ಕೇಳದೆ ಬೇಡವೆಂದದ್ದು ನನ್ನದೇ ತಪ್ಪು.

ಇಬ್ಬರೂ ಒಂದೇ ಶಾಲೆಯ ಟೀಚರುಗಳು, ಒಟ್ಟಿಗೆ ಇರಲು ಜಾಗ ಹುಡುಕುತ್ತಿದ್ದೆವು. ಪೇಟೆಯಲ್ಲಿ ಮಹಡಿ ಮೇಲಿನ ಎರಡು ಕೋಣೆ ಅವಳಿಗೆ ತುಂಬ ಹಿಡಿಸಿತ್ತು. ಒಳಗೇ ನಲ್ಲಿ, ಶಾಲೆಗೆ ಐದೇ ನಿಮಿಷ. ಕೆಳಗಿರುವ ಮನೆಯೊಡತಿ ನಾನು ಜೈನರವಳೆಂದು ತಿಳಿದು ನಕ್ಕರು. ಆಮೇಲೆ ಹೂವಮ್ಮನ ಕಡೆ ತಿರುಗಿ, "ಮೀನುಗೀನು ಇಲ್ಲಿ ನಡೆಯೂದಿಲ್ಲ" ಎಂದರು.

"ತಿನ್ನೋದು ಬಿಡ್ತೀನಿ ಅಮ್ಮ," ಎಂದಳು ಹೂವಮ್ಮ, ನೆಲ ನೋಡುತ್ತ. ತರಗತಿಯಲ್ಲಿ ಅಷ್ಟು ಗಟ್ಟಿಯಾಗಿ ಪಾಠ ಮಾಡುವವಳ ದನಿ ಅದಲ್ಲ. ನನಗೆ ತಡೆಯಲಾಗಲಿಲ್ಲ. "ನಮಗೆ ಈ ಜಾಗ ಬೇಡ" ಎಂದು ಮೆಟ್ಟಿಲಿಳಿದುಬಿಟ್ಟೆ.

ದಾರಿಯಲ್ಲಿ ಅವಳು, "ಬಿಡೋಳು ನಾನು, ನಿಂಗೆಂತ ಕಷ್ಟ? ಇನ್ನು ದಿನಾ ಬಾವಿ ನೀರು ಸೇದು" ಎಂದಳು. ಅನ್ನಲಿ.

ಸಂಜೆ, ಮೊದಲು ನೋಡಿ ಬಿಟ್ಟಿದ್ದ ಊರಂಚಿನ ಬಾವಿಯ ಹಂಚಿನ ಮನೆಯನ್ನೇ ಗೊತ್ತುಮಾಡಿದೆವು. ದೂರ, ನೆಲವೂ ಒರಟು. ಅಡುಗೆಮನೆ ನನಗೆ, ಹಿಂದಿನ ಜಗಲಿಯಲ್ಲಿ ಅವಳ ಒಲೆ.

"ವಾಸನೆ ಬಂದ್ರೆ ಹೇಳು, ಒಳಗೊಳಗೇ ಇಟ್ಕೋಬೇಡ" ಎಂದಳು.

ಹೇಳುತ್ತೇನೆಂದೆ. ಬಂದೇ ಬರುತ್ತದೆ, ನನಗೆ ಅಭ್ಯಾಸವಿಲ್ಲ.

ಊರಿಗೆ, ಅರಳಸುರಳಿಯಲ್ಲಿರುವ ಅವ್ವನಿಗೆ ಕಾಗದ ಬರೆಯಬೇಕು. ಮನೆ ಸಿಕ್ಕಿತು ಎಂದಷ್ಟೇ ಬರೆದರೆ ಸುಲಭ. ಜಗಲಿಯ ಒಲೆಯ ಸಂಗತಿ ತಿಳಿದರೆ ಅವಳು ಇಲ್ಲಿ ನೀರೂ ಮುಟ್ಟಲಿಕ್ಕಿಲ್ಲ. ಆದರೂ ಬರೆಯುತ್ತೇನೆ. ಅವ್ವ ಬಂದ ದಿನ ಹೂವಮ್ಮ ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡು ಉಣ್ಣುವ ಹಾಗಾದರೆ, ನಾನು ಆ ಮೆಟ್ಟಿಲು ಇಳಿದು ಬಂದದ್ದಕ್ಕೆ ಅರ್ಥವೇ ಇರುವುದಿಲ್ಲ.