ತೆಗೆದುಹಾಕಿದ ಉತ್ತರ

ಅಪ್ಪಾ,

ಇವತ್ತು ನಿನ್ನ ಉತ್ತರವನ್ನು ಅಳಿಸಿದೆ.

ಪರಿಸರ ಅರ್ಥಶಾಸ್ತ್ರದ ಎಂ.ಎ. ಪ್ರಬಂಧಕ್ಕೆ ನಾನು ನಮ್ಮ ಹೊಳೆಗೆ ಬೆಲೆ ಕಟ್ಟಬೇಕಿತ್ತಲ್ಲ. ಅದು ಶುದ್ಧವಾಗಲು ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಬೀದಿಯಲ್ಲಿ ಮನೆಮನೆಗೂ ಹೋಗಿ ಕೇಳಿದ್ದೆ. ನಿನ್ನನ್ನೂ ಬಿಡಲಿಲ್ಲ. ಬಣ್ಣದ ಕಾರ್ಖಾನೆಯಿಂದ ಆಗತಾನೇ ಬಂದು, ಮೊಣಕೈವರೆಗೂ ನೀಲಿಯಾದ ಕೈಯನ್ನು ಟವೆಲ್ಲಿಗೆ ಉಜ್ಜುತ್ತಾ ನೀನು ರೇಗಿದೆ.

"ಒಂದು ಬಿಡಿಗಾಸೂ ಕೊಡಲ್ಲ. ಹೊಲಸು ಮಾಡಿದೋರನ್ನ ಕೇಳು ಹೋಗು. ನನ್ನ ಎದೆ ಕೊಟ್ಟಿದ್ದು ಸಾಲ್ದಾ?"

ಆಮೇಲೆ ಬಹಳ ಹೊತ್ತು ಕೆಮ್ಮಿದೆ. ನಾನು ಸೊನ್ನೆ ಎಂದೂ, ಕಾರಣದ ಜಾಗದಲ್ಲಿ ನಿನ್ನ ಮಾತನ್ನೂ ಬರೆದುಕೊಂಡು ಪಕ್ಕದ ಮನೆಗೆ ಹೋದೆ.

ಇವತ್ತು ಗೈಡ್ ಮೇಡಂ ಪರದೆಯ ಮೇಲೆ ಆ ಸಾಲಿಗೇ ಬೆರಳಿಟ್ಟರು.

"ಇದು ಪ್ರತಿಭಟನೆಯ ಸೊನ್ನೆ. ಇವರಿಗೆ ಹೊಳೆ ಬೇಡ ಅಂತಲ್ಲ, ನಿನ್ನ ಪ್ರಶ್ನೆನೇ ಒಪ್ತಿಲ್ಲ. ಇಂಥವನ್ನ ಲೆಕ್ಕದಿಂದ ಕೈಬಿಡೋದೇ ಪದ್ಧತಿ. ಯಾರಿವರು?"

"ಕಾರ್ಖಾನೆ ಕೆಲಸದವರು ಒಬ್ರು."

"ಇನ್ನೊಂದ್ಸಲ ಕೇಳೋಕಾಗುತ್ತಾ?"

"ಇಲ್ಲ ಮೇಡಂ. ಹೋದ ತಿಂಗಳು ತೀರಿಕೊಂಡ್ರು."

"ಹಾಗಾದ್ರೆ ತೆಗೆದುಬಿಡು."

ತೆಗೆದೆ. ಸರಾಸರಿ ಚೆನ್ನಾಗಿ ಬಂತು, ಮೇಡಂ ಬೆನ್ನು ತಟ್ಟಿದರು.

ಮನೆಯಲ್ಲಿ ನಿನ್ನ ಟವೆಲ್ ಇನ್ನೂ ಅದೇ ಮೊಳೆಯಲ್ಲಿದೆ. ಅಮ್ಮ ಅದನ್ನು ಒಗೆಯಲು ಬಿಡುತ್ತಿಲ್ಲ. ನೀಲಿ ಹೋಗಿಬಿಡುತ್ತದಂತೆ.