ಪೇಷೆಂಟ್ ಅಲ್ಲದ ಗಾಡಿ

ಗುರುವಾರ, ನವೆಂಬರ್ ೧೪, ಬೀದರ

"ಅಕ್ಕ, ಇದು ಪೇಷೆಂಟ್ ಅಲ್ಲ." ತಮ್ಮ ಬೆಂಜಮಿನ ಅಂದ ಮಾತು ಇನ್ನಾ ಕಿವ್ಯಾಗ ಅದ.

ಅಪ್ಪನ ಹಳೇ ಅಂಬಾಸಿಡರಿಗಿ ಡಿಸ್ಕ್ ಬ್ರೇಕ್ ಹಾಕಿಸಿ ಹದಿನೈದು ದಿನ ಆತು. ಪೆಡಲ್ ತುಳದ್ರ ಹತ್ತಿ ಗಾದಿ ತುಳದಂಗ ಒಳಗ ಹೋಗ್ತಿತ್ತು, ಗಾಡಿ ನಿಲ್ತಿರಲಿಲ್ಲ. ಭಾಲ್ಕಿ ಮಿಸ್ತ್ರಿ ಮಕರಂದ ಗಾಡಿ ತನ್ನ ಹಂತೇಕೇ ಇಟ್ಕೊಂಡು ನಾಕು ಸಲ ಬ್ರೇಕ್ ಎಣ್ಣಿಯೊಳಗಿನ ಗಾಳಿ ತೆಗೆದ. ಇವತ್ತು ಅವನ ಗ್ಯಾರೇಜಿಗಿ ಹೋದ್ರ ಕೈ ಒರಸ್ಕೋತ, "ಸಿಸ್ಟರ್, ಹಳೇ ಗಾಡಿಗಿ ಇದು ಒಗ್ಗಲ್ರಿ, ಮಾರಿಬಿಡ್ರಿ" ಅಂದ. ಬೆಂಜಮಿನ ಖುಷ್. ಔರಾದ ರೋಡಿನ್ಯಾಗ ಅವ ಮೊದಲೇ ಗಿರಾಕಿ ನೋಡಿಟ್ಟಾನ.

ನಾ ಸೆರಗು ಸಿಗಿಸ್ಕೊಂಡು ಗಾಲಿ ಬಾಜೂಕ ಕುಂತೆ. ಗಾಳಿ ಬಿಡೋ ನಿಪ್ಪಲ್, ಡಿಸ್ಕ್ ಹಿಡಿಯೋ ಕ್ಯಾಲಿಪರಿನ ತಳಕ್ಕ ಇತ್ತು.

"ಇದು ಕೆಳಗ ಯಾಕ ಅದ?"

"ಪೈಪ್ ಗಿಡ್ಡ ಬಿತ್ರಿ," ಅಂದ ಮಕರಂದ. "ಅದಕ್ಕ ಎಡದ ಕ್ಯಾಲಿಪರ್ ಬಲಕ್ಕ, ಬಲದ್ದು ಎಡಕ್ಕ ಕೂಡ್ಸಿದೆ. ಬರೋಬರ್ ಕುಂತದಲ್ರಿ!"

"ಇಪ್ಪತ್ತಾರು ವರ್ಷ ಸಿರಿಂಜ್ ಹಿಡದೀನಿ. ಸೂಜಿ ಮ್ಯಾಲ ಮಾಡದೇ ಗಾಳಿ ಹೋಗ್ತದೇನು?" ಅಂದೆ.

ಆಗ ನಕ್ಕ ಬೆಂಜಮಿನ, ಆಗ ಅಂದ ಆ ಮಾತು.

ಬಜಾರದಿಂದ ಉದ್ದನ ಪೈಪ್ ನಾನೇ ತಂದೆ, ನಿಪ್ಪಲ್ ಮ್ಯಾಲ ಬರೂಹಂಗ ಎರಡೂ ಕ್ಯಾಲಿಪರ್ ಅದಲಾಬದಲಿ ಮಾಡಿಸ್ದೆ. ನಿಪ್ಪಲ್ ಸಡಿಲ ಮಾಡಿದ್ದೇ ತಡ, ಬುಳುಬುಳು ಅಂತ ಗಾಳಿ ಬಂತು. ಪೆಡಲ್ ಕಲ್ಲಿನಂಗ ನಿಂತಿತು. ಭಾಲ್ಕಿಯಿಂದ ಮನಿತನಕ ನಾನೇ ಓಡಿಸ್ದೆ. ಬೆಂಜಮಿನ ಸೀಟು ಗಟ್ಟಿ ಹಿಡ್ಕೊಂಡು ಕುಂತಿದ್ದ.

ಸೊಂಟ ಹಿಡದದ, ಇರ್ಲಿ. ನಾಳಿ ಔರಾದ ಡ್ಯೂಟಿಗಿ ಇದ್ರಾಗೇ ಹೋಗ್ತೇನಿ. ಆ ಗಿರಾಕಿ ಬಾಗಲ ಮುಂದೇ ಬ್ರೇಕ್ ಒತ್ತತೇನಿ. "ಗಾಡಿ ನಿಲ್ತದ್ರಿ, ನೋಡ್ರಿ. ಮಾರೂದಿಲ್ರಿ" ಅಂತ ಹೇಳೇ ಮುಂದ ಹೋಗ್ತೇನಿ.