ನಾನು ತಪ್ಪಾಗಿ ಓದಿದ ಪದ

ಕಂಟೋನ್ಮೆಂಟ್, ಬಳ್ಳಾರಿ
13 ಜುಲೈ 2025

ಪ್ರೀತಿಯ ತಮ್ಮ ಅಮರೇಶ,

ಹಲ್ಲುನೋವು ಹೇಗಿದೆ? ಅಂಟಾರ್ಕ್ಟಿಕಾದಲ್ಲಿ ನಿಮಗಿರುವ ಒಬ್ಬ ಡಾಕ್ಟರಿಗೆ ಹಲ್ಲು ಕೀಳಲು ಬರುತ್ತದೋ ಇಲ್ಲವೋ ಎಂದು ಅವ್ವನಿಗೆ ಚಿಂತೆ. ಅವಳು ಕುರುಗೋಡಿನಲ್ಲಿ ಆರಾಮವಾಗಿದ್ದಾಳೆ. ಹೋದ ವಾರ ಹೋದಾಗ, "ತಿಂಗಳ ಮ್ಯಾಲಾತು ಸೂರ್ಯನ ಮಾರಿ ಕಂಡಿಲ್ಲಂತ. ಆ ಮಂಜುಗಡ್ಡಿ ಮ್ಯಾಲ ಕುಂತು ಏನ್ ಕಾಯ್ತಾನಂತ ಕೇಳು" ಎಂದಳು. ನಿನಗೆ ಹೇಳಬೇಕಾದ ಬೇರೊಂದು ವಿಷಯವಿದೆ, ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ಎರಡೂ ಸಲ ನಿನ್ನ ಹಲ್ಲಿನ ವಿಷಯ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಕೈಯಲ್ಲಿ ಬರೆದು, ಫೋಟೊ ತೆಗೆದು ಮೇಲ್ ಮಾಡುತ್ತಿದ್ದೇನೆ.

ನನ್ನ ವಿದ್ಯಾರ್ಥಿಗಳಿಗೆಂದು ನೀನು ಕಳಿಸಿದ ಅಂಟಾರ್ಕ್ಟಿಕಾ ಒಪ್ಪಂದಕ್ಕೆ ಸೇರಿದ ಪರಿಸರ ರಕ್ಷಣೆಯ ಕರಾರನ್ನು ಕನ್ನಡಕ್ಕೆ ಮಾಡಲು ಕುಳಿತಿದ್ದೆ. ಏಳನೆಯ ವಿಧಿ ಒಂದೇ ವಾಕ್ಯ: ವೈಜ್ಞಾನಿಕ ಸಂಶೋಧನೆ ಬಿಟ್ಟು ಖನಿಜಕ್ಕೆ ಸಂಬಂಧಿಸಿದ ಯಾವ ಚಟುವಟಿಕೆಯೂ ಅಲ್ಲಿ ನಿಷಿದ್ಧ. ಕಲ್ಲನ್ನು ಅಧ್ಯಯನಕ್ಕೆಂದು ಎತ್ತಿಕೊಳ್ಳುವುದಕ್ಕೂ ಪರವಾನಗಿ ಬೇಕು, ಹಾಗೆ ಎತ್ತಿಕೊಳ್ಳುವುದೇ ಬೇರೆ, ಅಗೆಯಲು ಹುಡುಕುವುದೇ ಬೇರೆ ಎಂದು ನೀನು ಪಕ್ಕದಲ್ಲಿ ಬರೆದಿದ್ದೆ. 'ಸಂಶೋಧನೆ' ಎಂದು ಬರೆದವಳಿಗೆ ಕೈ ಮುಂದೆ ಹೋಗಲಿಲ್ಲ. ಮೇ ತಿಂಗಳಲ್ಲಿ ಇದೇ ಪದವನ್ನು ನಾನು ಕುರುಗೋಡಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದ್ದೆ.

ಗುಡ್ಡದ ಕೆಳಗಿನ ಹೊಲಗಳಿಗೆ ಒಂದು ಕಂಪನಿಯವರು ಇಂಗ್ಲಿಷಿನ ಒಪ್ಪಿಗೆ ಪತ್ರ ತಂದಿದ್ದರಲ್ಲ, ಅದರಲ್ಲಿ 'ಪ್ರಾಸ್ಪೆಕ್ಟಿಂಗ್' ಎಂದಿತ್ತು. ಗಣಿ ತೆಗೆಯುವ ಉದ್ದೇಶದಿಂದ ನೆಲ ಕೊರೆದು ಖನಿಜ ಹುಡುಕುವುದು. ನಾನದನ್ನು ಸಂಶೋಧನೆ ಎಂದು ಓದಿದೆ. ಯಾರಿಗೂ ತಿಳಿಯಲಿಲ್ಲವೆಂದು ಇನ್ನೂ ಸರಳ ಮಾಡಿ, "ಬರೀ ನೋಡಾಕ ಬರ್ತಾರ" ಎಂದೆ. ಅವ್ವ ಹೆಬ್ಬೆಟ್ಟು ಒತ್ತಿದಳು. ಪಕ್ಕದ ಹೊಲದ ಮಾರೆಣ್ಣ, "ಅಕ್ಕಾರ ಕಾಲೇಜಿನಾಗ ಇಂಗ್ಲಿಷ್ ಕಲಸ್ತಾರ, ಅವರು ಓದಿದ ಮ್ಯಾಲ ಮುಗೀತು" ಎಂದು ಸಹಿ ಹಾಕಿದ. ನನಗೆ ಗೊತ್ತಿರಲಿಲ್ಲವೋ, ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಯಿತೋ? ಎರಡನೆಯದೇ ಇರಬೇಕು. ಕೊನೆಯ ಪುಟ ಓದಲೇ ಇಲ್ಲ. ಖನಿಜ ಸಿಕ್ಕರೆ ಗಣಿಗೂ ನಮ್ಮ ಒಪ್ಪಿಗೆ ಇದೆ ಎಂದು ಅಲ್ಲಿರುವುದು ಆಮೇಲೆ ತಿಳಿಯಿತು.

ಮಾರೆಣ್ಣನ ಹೊಲದಲ್ಲಿ ಈಗಾಗಲೇ ನಾಲ್ಕು ಕಡೆ ಕೊರೆದಿದ್ದಾರೆ. ಅವನ ಬಾವಿಯ ನೀರು ಸುಣ್ಣ ಕಲಸಿದ ಹಾಗೆ ಬೆಳ್ಳಗಾಗಿದೆ. ಎಮ್ಮೆ ಮೂಸಿ ಹಿಂದೆ ಸರಿಯುತ್ತದೆ. ನಾನು ಹೋದಾಗ ಅವನು ಬೈಯಲಿಲ್ಲ. "ಅಕ್ಕಾರ, ಹೆಣ್ಣು ನೋಡಾಕ ಬಂದೋರು ತಾಳಿ ಜೇಬಿನಾಗ ಇಟ್ಕೊಂಡು ಬರ್ತಾರೇನ್ರಿ?" ಎಂದು ನಕ್ಕ. ಅವನ ಹೆಂಡತಿ ನಗಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ಕಂಪನಿಯವರ ಬಳಿ ಹೋಗಿ ಪತ್ರ ವಾಪಸು ಕೇಳಿದೆ. "ನೀವೇ ಓದಿ ಹೇಳೀರಲ್ಲ ಮೇಡಂ" ಎಂದರು. ನಿಜವೇ.

ಯಾರ ಹೊಲವೂ ಅಲ್ಲದ ಹಿಮಕ್ಕೆ ಅಷ್ಟೊಂದು ದೇಶಗಳು ಕೂತು ಪದ ಪದ ತೂಗಿ ಸಹಿ ಹಾಕಿವೆ, ನಮ್ಮ ದೇಶವೂ ಸೇರಿ. ಇಲ್ಲಿ ಇಷ್ಟು ಮನೆಗಳಿಗೆ ನನ್ನ ಬಾಯಿಮಾತು ಸಾಕಾಯಿತು. ಅವ್ವನಿಗೆ ಇನ್ನೂ ಹೇಳಿಲ್ಲ. ಬರುವ ಭಾನುವಾರ ಹೇಳುತ್ತೇನೆ.

ಬೆಚ್ಚಗಿರು. ಅವ್ವನ ಆಶೀರ್ವಾದ ನಿನ್ನ ಮೇಲಿದೆ. ನನ್ನದೂ, ಅದಕ್ಕೆ ಈಗ ಬೆಲೆಯಿದ್ದರೆ.

ನಿನ್ನ ಅಕ್ಕ,
ದಾಕ್ಷಾಯಣಿ

ತಾ.ಕ.: ನಮ್ಮ ಹೊಲದ ಪಹಣಿಯಲ್ಲಿ ನಿನ್ನ ಹೆಸರೂ ಇರುವುದರಿಂದ ನಿನ್ನ ಸಹಿಯಿಲ್ಲದೆ ಅವರು ಅಲ್ಲಿ ಕಾಲಿಡುವಂತಿಲ್ಲ. ಇವತ್ತೋ ನಾಳೆಯೋ ಅವರ ಮೇಲ್ ಬರುತ್ತದೆ, ಬಂದೂ ಇರಬಹುದು. ಜೊತೆಗೆ, "ಪೂರ್ತಿ ಓದಿದ್ದೇನೆ, ಏನೂ ತೊಂದರೆಯಿಲ್ಲ, ಸಹಿ ಹಾಕು" ಎಂಬ ಚೀಟಿ ಇರುತ್ತದೆ. ಅಕ್ಷರ ನನ್ನದೇ, ಮೇ ತಿಂಗಳಲ್ಲಿ ಅವರು ಕೇಳಿದರೆಂದು ನಿನಗಾಗಿ ನಾನೇ ಬರೆದುಕೊಟ್ಟದ್ದು. ನಂಬಬೇಡ. ಆಗಲೇ ಸಹಿ ಹಾಕಿ ಕಳಿಸಿದ್ದರೆ ನನಗೊಬ್ಬಳಿಗೇ ತಿಳಿಸು, ಅವ್ವನಿಗೆ ಫೋನ್ ಮಾಡಬೇಡ.